ಗ್ಯಾಸ್ ಬಂದ್ ಇದ್ದರೂ ಕ್ಯಾರವಾನ್‌ನಲ್ಲಿ ಅಲಾರಂ ಹೊಡೆದುಕೊಳ್ಳುತ್ತಿದೆ, ಕೊಳೆತ ಮೊಟ್ಟೆ ವಾಸನೆ ಬೇರೆ. ಬ್ಯಾಟರಿ ಇರಬಹುದಾ?

ಲೀಡ್ಸ್_ಮೈಸೂರು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಇಟ್ಟುಕೊಂಡಿರುವವರು ಇಲ್ಲಿ ಕೆಲವರಿದ್ದಾರೆ ಅಂತ ಗೊತ್ತು. ಅರ್ಜೆಂಟ್ ಆಗಿ ಉತ್ತರ ಬೇಕಿತ್ತು.

ನಮ್ಮದು 2012ರ ನಾಲ್ಕು ಬರ್ತ್ ಗಾಡಿ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಈಗ ವಿಟ್ಬಿ ಊರಿನ ಹತ್ತಿರ, ಕ್ಯಾರವಾನ್ ನಿಲ್ಲಿಸುವ ಒಂದು ಸೈಟ್‌ನಲ್ಲಿದ್ದೇವೆ. ಹುಕ್-ಅಪ್ ಇದೆ, ಅಂದರೆ ಸೈಟಿನ ಕಂಬದಿಂದ ಗಾಡಿಗೆ ಕರೆಂಟ್. ನಿನ್ನೆ ರಾತ್ರಿ ಮೂರು ಗಂಟೆಗೆ ಕಾರ್ಬನ್ ಮಾನಾಕ್ಸೈಡ್ (ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ವಿಷಾನಿಲ) ಅಲಾರಂ ಕಿರುಚಲು ಶುರು ಮಾಡಿತು. ಮಕ್ಕಳನ್ನು ಹೊದಿಕೆ ಸಮೇತ ಎತ್ತಿಕೊಂಡು ಕಾರಿಗೆ ಓಡಿದೆವು. ಸಿಲಿಂಡರ್ ಸಂಜೆಯೇ ಬಂದ್ ಮಾಡಿದ್ದೆವು, ಹೀಟರ್ ಓಡುತ್ತಿದ್ದದ್ದು ಕರೆಂಟಿನಲ್ಲಿ. ಬೆಳಿಗ್ಗೆ ಸೈಟ್ ನೋಡಿಕೊಳ್ಳುವ ವಾರ್ಡನ್ ಬಂದು ನೋಡಿ, ಅಲಾರಂ ಹಳೆಯದಾಗಿರಬೇಕು, ಹೊಸದು ಹಾಕಿ ಅಂದರು. ಆದರೆ ಅದರ ಮೇಲೆ 2029ರವರೆಗೆ ಅಂತ ಅಚ್ಚಾಗಿದೆ. ಹೊರಗೆ ತಂದರೆ ಸುಮ್ಮನಾಗುತ್ತದೆ, ಒಳಗಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಶುರು.

ಇನ್ನೊಂದು ವಿಷಯ. ಮಕ್ಕಳು ಮಲಗುವ ಕಡೆ ಕೊಳೆತ ಮೊಟ್ಟೆ ವಾಸನೆ. ಟಾಯ್ಲೆಟ್ ಕೆಳಗಿನ ಕ್ಯಾಸೆಟ್ ಡಬ್ಬದ್ದು ಅಂತ ನಮ್ಮೆಜಮಾನರ ವಾದ. ಅದನ್ನು ತೊಳೆದಿಟ್ಟ ಮೇಲೂ ವಾಸನೆ ಹೋಗಿಲ್ಲ. ಅದು ಬರುತ್ತಿರುವುದು ಸೀಟಿನ ಕೆಳಗೆ, ಬ್ಯಾಟರಿ ಡಬ್ಬದ ಹಿಂಭಾಗದಿಂದ. ಆ ಪ್ಲಾಸ್ಟಿಕ್ ಮುಟ್ಟಿದರೆ ಬೆಚ್ಚಗಿದೆ. ಬ್ಯಾಟರಿ 110 ಆಂಪಿಯರ್ ಅವರ್‌ದು, ಗಾಡಿ ಜೊತೆಗೇ ಬಂದದ್ದು. ಛಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇದೆ. ಇವತ್ತು ರಾತ್ರಿ ಒಳಗೆ ಮಲಗಬಹುದಾ?

ತುಮಕೂರು ತಾತ, ಡರ್ಬಿ:

ತಾಯಿ, ಮಲಗಬೇಡಿ. ವಿವರ ಆಮೇಲೆ, ಮೊದಲು ಇಷ್ಟು ಮಾಡಿ.

ಎಲ್ಲರೂ ಹೊರಗೆ ಬನ್ನಿ. ಬಾಗಿಲು, ಕಿಟಕಿ, ಛಾವಣಿಯ ಕಿಂಡಿ ಎಲ್ಲ ತೆರೆದಿಡಿ. ಹುಕ್-ಅಪ್ ಕೇಬಲ್ ಅನ್ನು ಸೈಟಿನ ಕಂಬದ ಕಡೆಯಿಂದ ಕಳಚಿ, ಗಾಡಿ ಕಡೆಯಿಂದಲ್ಲ. ನಿಮ್ಮಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ಸಾಕೆಟ್ ಇರುವುದೇ ಬ್ಯಾಟರಿ ಡಬ್ಬದ ಒಳಗೆ. ಆಮೇಲೆ ಸೋಲಾರ್ ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಕರೆಂಟು ತೆಗೆದೆವು ಅಂತ ನಿಶ್ಚಿಂತೆಯಾಗಿರುತ್ತಾರೆ. ಇಲ್ಲಿ ಬೇಸಿಗೆಯಲ್ಲಿ ಐದಕ್ಕೆಲ್ಲ ಬೆಳಕು, ಸೋಲಾರ್ ಮತ್ತೆ ಚಾರ್ಜ್ ಮಾಡಲು ಕೂರುತ್ತದೆ.

ಬ್ಯಾಟರಿಯ ಕ್ಲಾಂಪ್ ಈಗ ಮುಟ್ಟಬೇಡಿ. ಅದರಿಂದ ಹೈಡ್ರೋಜನ್ ಬರುತ್ತಿದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಸ್ಪ್ಯಾನರ್ ಜಾರಿ ಕಿಡಿ ಹಾರಿದರೆ ಆಸಿಡ್ ಮುಖಕ್ಕೆ. ಪೂರ್ತಿ ತಣ್ಣಗಾಗುವವರೆಗೆ, ಅರ್ಧ ದಿನವಾದರೂ ಸರಿ, ಬಿಟ್ಟುಬಿಡಿ. ಡಬ್ಬ ಉಬ್ಬಿದ್ದರೆ, ಹೊಗೆ ಕಂಡರೆ, ದೂರ ಹೋಗಿ ತುರ್ತು ಸೇವೆಯ 999ಕ್ಕೆ ಫೋನ್ ಮಾಡಿ. ಯಾರಿಗಾದರೂ ತಲೆನೋವು, ವಾಕರಿಕೆ ಇದ್ದರೆ ಅದನ್ನೂ ಸುಮ್ನೆ ಬಿಡಬೇಡಿ, ಆರೋಗ್ಯ ಸಲಹೆಯ 111ಕ್ಕೆ ಹೇಳಿ. ಉಸಿರಾಟಕ್ಕೆ ಕಷ್ಟವಾದರೆ, ತೀರಾ ಮಂಕಾದರೆ ಸೀದಾ 999.

ಸಿಲಿಂಡರ್ ಬಂದ್ ಇದೆ ಅಂದಿರಿ, ಒಳ್ಳೆಯದಾಯಿತು. ಆದರೂ ಇನ್ನೊಮ್ಮೆ ತಿರುಗಿಸಿ ನೋಡಿ. ಅಡುಗೆ ಗ್ಯಾಸ್‌ಗೂ ಇದೇ ತರಹದ ನಾತ ಬೆರೆಸಿರುತ್ತಾರೆ. ಎರಡರಲ್ಲಿ ಯಾವುದು ಅಂತ ಮೂಗಿನಿಂದ ತೀರ್ಮಾನ ಮಾಡಬಾರದು.

ಲೀಡ್ಸ್_ಮೈಸೂರು:

ಥ್ಯಾಂಕ್ಸ್ ಸಾರ್. ಕೇಬಲ್ ಕಳಚಿದೆವು, ಪ್ಯಾನೆಲ್ ಮುಚ್ಚಿದೆವು. ಯಾರಿಗೂ ತಲೆನೋವಿಲ್ಲ. ಊರೊಳಗೆ ಒಂದು ಬಿ ಅಂಡ್ ಬಿ (ತಂಗುವ ಮನೆ) ಸಿಕ್ಕಿದೆ, ರಾತ್ರಿ ಅಲ್ಲೇ. ಬ್ಯಾಟರಿಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದಾ?

ತುಮಕೂರು ತಾತ, ಡರ್ಬಿ:

ಬರುವುದಿಲ್ಲ. ಆದರೆ ಈ ಅಲಾರಂನ ಸೆನ್ಸರ್‌ಗೆ ಹೈಡ್ರೋಜನ್ ತಾಗಿದರೂ ಅದು ಕಾರ್ಬನ್ ಮಾನಾಕ್ಸೈಡ್ ಅಂತಲೇ ತಿಳಿದು ಕೂಗುತ್ತದೆ. ನಾನು ಇಲ್ಲಿಗೆ ಬರುವ ಮುಂಚೆ ತುಮಕೂರಿನಲ್ಲಿ ಲಾರಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯಲ್ಲಿದ್ದವನು. ಇಲ್ಲಿ ಕ್ಯಾರವಾನ್, ನ್ಯಾರೋ ಬೋಟ್‌ಗಳ ವೈರಿಂಗ್ ಮಾಡಿಕೊಂಡಿದ್ದೆ. ಕಾಲುವೆ ದೋಣಿಗಳಲ್ಲಿ ಈ ಕೂಗು ತುಂಬಾ ಕೇಳಿದ್ದೇನೆ. ಜನ ಅಲಾರಂ ಕಿತ್ತು ಡ್ರಾಯರ್‌ಗೆ ಹಾಕಿ ಮಲಗುತ್ತಾರೆ. ನಿಮ್ಮ ವಾರ್ಡನ್ ಪಾಪ ಒಳ್ಳೆಯ ಮನಸ್ಸಿನಿಂದ ಹೇಳಿರಬಹುದು, ಆದರೆ ಆ ಮಾತು ಕೇಳಬೇಡಿ. ಬ್ಯಾಟರಿ ಹೊರಗೆ ಹೋಗಿ, ಗಾಡಿಗೆ ಚೆನ್ನಾಗಿ ಗಾಳಿಯಾಡಿದ ಮೇಲೂ ಕೂಗಿದರೆ ಗ್ಯಾಸ್ ಎಂಜಿನಿಯರ್‌ನನ್ನು ಕರೆಸಿ.

ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ದು. ಹೈಡ್ರೋಜನ್‌ಗೆ ವಾಸನೆಯೇ ಇಲ್ಲ. ಈ ಸಲ್ಫೈಡ್ ವಿಷ. ಗಾಳಿಗಿಂತ ಸ್ವಲ್ಪ ಭಾರ, ಕೆಳಗೆ ಉಳಿಯುತ್ತದೆ. ನಿಮ್ಮ ಮಕ್ಕಳ ಬಂಕ್ ಇರುವುದು ಅಲ್ಲೇ ಅಲ್ವಾ? ಜಾಸ್ತಿಯಾದಾಗ ಇದು ಮೂಗನ್ನೇ ಮಂಕು ಮಾಡುತ್ತದೆ. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತ ಅರ್ಥವಲ್ಲ.

ಹೀಗೆ ಯಾಕಾಗುತ್ತದೆ ಅಂದರೆ, 12 ವೋಲ್ಟ್ ಬ್ಯಾಟರಿ ಒಳಗೆ ಆರು ಸೆಲ್ ಇರುತ್ತವೆ. ಚಾರ್ಜರ್ 14.4 ವೋಲ್ಟ್ ಕೊಟ್ಟರೆ ಒಂದೊಂದಕ್ಕೆ 2.4 ಬಂತು. ಒಂದು ಸೆಲ್ ಶಾರ್ಟ್ ಆಯಿತು ಅಂದುಕೊಳ್ಳಿ. ಅದೇ 14.4 ಈಗ ಐದಕ್ಕೆ ಹಂಚಿಕೆ. ಒಂದೊಂದಕ್ಕೆ ಸುಮಾರು 2.9. ಆರು ಜನ ಹೊರುವ ಮೂಟೆಯನ್ನು ಐದು ಜನರ ತಲೆ ಮೇಲೆ ಇಟ್ಟ ಹಾಗೆ. ನೀರು ಒಡೆದು ಗ್ಯಾಸ್ ಆಗುತ್ತದೆ, ಬ್ಯಾಟರಿ ಕಾಯುತ್ತದೆ. ಚಾರ್ಜರ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ. ಇನ್ನೂ ತುಂಬಿಲ್ಲ ಅಂತ ರಾತ್ರಿಯಿಡೀ ತುಂಬುತ್ತಲೇ ಇರುತ್ತದೆ. ಹಳೆಯ ಗಾಡಿಗಳ 13.8 ವೋಲ್ಟ್ ಚಾರ್ಜರ್ ಆದರೂ ಲೆಕ್ಕ ಹಾಕಿ ನೋಡಿ, ಅದೂ ಜಾಸ್ತಿಯೇ.

ಆದರೆ ನನಗೆ ಸಿಟ್ಟು ತರಿಸುವುದು ಸೆಲ್ ಅಲ್ಲ. ಸೆಲ್ ಎಲ್ಲ ಬ್ಯಾಟರಿಯಲ್ಲೂ ಒಂದಲ್ಲ ಒಂದು ದಿನ ಹೋಗುತ್ತದೆ. ಗ್ಯಾಸ್ ಒಳಗೆ ಬಂದದ್ದು ಹೇಗೆ? ಬ್ಯಾಟರಿ ಡಬ್ಬ ಮಲಗುವ ಜಾಗದಿಂದ ಪೂರ್ತಿ ಸೀಲ್ ಆಗಿರಬೇಕು. ಬ್ಯಾಟರಿಯ ಒಂದು ಪಕ್ಕದ ತೂತಿನಿಂದ ಸಣ್ಣ ಪೈಪು ಗಾಡಿಯ ಹೊರಗೆ ಹೋಗಿರಬೇಕು, ಇನ್ನೊಂದು ಪಕ್ಕದ ತೂತಿಗೆ ಬಿರಡೆ ಇರಬೇಕು. ತಣ್ಣಗಾದ ಮೇಲೆ ಇದನ್ನು ನೋಡಿ ಹೇಳಿ. ಚಾರ್ಜ್ ಇಲ್ಲದೆ ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದಾಗ ಎಷ್ಟು ತೋರಿಸುತ್ತದೆ ಅಂತಲೂ ಬರೆಯಿರಿ.

ತೀರ್ಥಹಳ್ಳಿ ಮಳೆ:

ನಾನು ಊರಲ್ಲೇ ಇರುವವನು, ಕ್ಯಾರವಾನ್ ಹತ್ತಿದವನಲ್ಲ. ಆದರೆ ನಮ್ಮ ಮನೆಯ ಯುಪಿಎಸ್ ಬ್ಯಾಟರಿ ಒಂದು ಮಳೆಗಾಲದಲ್ಲಿ ಹೀಗೇ ನಾರುತ್ತಿತ್ತು. ಅಪ್ಪ ಡಿಸ್ಟಿಲ್ಡ್ ವಾಟರ್ ತುಂಬಿಸಿದರು, ಸರಿ ಹೋಯಿತು. ಸುಮ್ನೆ ಹೊಸದಕ್ಕೆ ದುಡ್ಡು ಹಾಕುವ ಮೊದಲು ನೀರು ಹಾಕಿ ನೋಡಬಹುದಲ್ಲ?

ತುಮಕೂರು ತಾತ, ಡರ್ಬಿ:

ನಿಮ್ಮ ತಂದೆಯವರು ಮಾಡಿದ್ದು ಸರಿ. ನಿಮ್ಮದು ಟ್ಯೂಬುಲರ್ ಬ್ಯಾಟರಿ ಇರಬೇಕು. ಆರು ಮುಚ್ಚಳ, ನೀರಿನ ಮಟ್ಟ ತೋರಿಸುವ ಕಡ್ಡಿ ಎಲ್ಲ ಇರುತ್ತದೆ. ನೀರು ಕಡಿಮೆಯಾಗಿ ಪ್ಲೇಟ್ ಬಯಲಾಗುವ ಮುಂಚೆ ತುಂಬಿಸಿದರೆ ಉಳಿಯುತ್ತದೆ. ಕ್ಯಾರವಾನ್ ಬ್ಯಾಟರಿಗಳಲ್ಲಿ ಎಷ್ಟೋ ಸೀಲ್ ಮಾಡಿದವು, ಮುಚ್ಚಳವೇ ಇಲ್ಲ. ಮುಚ್ಚಳ ಇರುವಂಥದ್ದಾದರೆ ಚಾರ್ಜ್ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಆದರೆ ಶಾರ್ಟ್ ಆದ ಸೆಲ್‌ಗೆ ಎಷ್ಟು ನೀರು ಹಾಕಿದರೂ ಜೀವ ಬರುವುದಿಲ್ಲ. ಕಾದ ಬ್ಯಾಟರಿಯ ಮುಚ್ಚಳ ತೆರೆಯಲು ಹೋಗುವುದು ಅಪಾಯ ಬೇರೆ.

ಹಾಂ, ಊರಿನ ಮಾತು ಬಂತು ಅಂತ ಹೇಳುತ್ತೇನೆ. ದೇವರ ಕೋಣೆ ಪಕ್ಕದ ಬೀರುವಿನಲ್ಲಿ ಯುಪಿಎಸ್ ಬ್ಯಾಟರಿ ಇಟ್ಟು ಬಾಗಿಲು ಹಾಕುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಕಡೆ ಬ್ಯಾಟರಿ ಗ್ಯಾಸ್ ಬಿಡುತ್ತಿರುತ್ತದೆ, ಈ ಕಡೆ ದೀಪ ಉರಿಯುತ್ತಿರುತ್ತದೆ. ನಿಮ್ಮದು ಗಾಳಿಯಾಡುವ ಕಡೆ ಇದೆಯಾ?

ಇನ್ವರ್ನೆಸ್_ಧಾರವಾಡ:

ಅಕ್ಕಾರ, ಹೊಸದು ತಗೊಳ್ಳುವುದಾದರೆ ಲಿಥಿಯಂ ನೋಡ್ರಿ. ನಾವು ಹೋದ ವರ್ಷ ಹಾಕಿಸಿದೆವು. 100 ಆಂಪಿಯರ್ ಅವರ್‌ನ ಲೆಡ್ ಬ್ಯಾಟರಿ ಇಪ್ಪತ್ತು ಕಿಲೋ ದಾಟುತ್ತದೆ, ಇದು ಅದರ ಅರ್ಧದಷ್ಟು. ಗಾಡಿಯ ತೂಕದ ಮಿತಿ ಎಷ್ಟು ಬಿಗಿ ಅಂತ ನಿಮಗೂ ಗೊತ್ತಲ್ಲ. ಚಾರ್ಜ್ ಮಾಡುವಾಗ ಹೀಗೆ ಹೈಡ್ರೋಜನ್ ಕಾರುವುದೂ ಇಲ್ಲ.

ಒಂದು ಮಾತು ಮಾತ್ರ ನೆನಪಿಡ್ರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಒಳಗೆ ಕೆಡುತ್ತದೆ. ಒಳ್ಳೆಯ ಬ್ಯಾಟರಿ ತಾನೇ ಚಾರ್ಜ್ ನಿಲ್ಲಿಸುತ್ತದೆ. ನಮ್ಮ ಈ ಊರಿನಲ್ಲಿ ಜನವರಿ ಬಂತೆಂದರೆ ಅದು ನಿಂತೇ ಇರುತ್ತದೆ ಅನ್ನಿ! ಹಳೆಯ ಚಾರ್ಜರ್, ಸೋಲಾರ್ ಕಂಟ್ರೋಲರ್ ಎರಡೂ ಅದಕ್ಕೆ ಹೊಂದುತ್ತವಾ ಅಂತ ಮೊದಲು ಕೇಳಿಕೊಳ್ರಿ.

ಲೀಡ್ಸ್_ಮೈಸೂರು:

ತಾತ ಸಾರ್, ನೀವು ಹೇಳಿದ್ದೇ ಸರಿ. ಬ್ಯಾಟರಿ ಈಗ ತಣ್ಣಗಿದೆ. ಮೀಟರ್ 10.4 ವೋಲ್ಟ್ ತೋರಿಸುತ್ತಿದೆ. ಪೈಪು ಡಬ್ಬದ ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು, ಬ್ಯಾಟರಿಗೆ ಹಾಕಿರಲೇ ಇಲ್ಲ. ವೈರ್ ಒಳಗೆ ಹೋಗುವ ಕಡೆ ರಬ್ಬರ್ ಹರಿದು ಬೆರಳು ತೂರುವಷ್ಟು ಸಂದು. ಗಾಡಿ ಕೊಳ್ಳುವಾಗ ಸರ್ವಿಸ್ ಆಗಿದೆ ಅಂತ ಒಂದು ಕಾಗದವನ್ನೂ ಕೊಟ್ಟಿದ್ದರು!

ಲಿಥಿಯಂ ಈಗ ನಮ್ಮ ಬಜೆಟ್‌ಗೆ ಬರುವುದಿಲ್ಲ. ಅಂಗಡಿಯಲ್ಲಿ ಎ, ಬಿ, ಸಿ ಅಂತ ಲೇಬಲ್ ಇದೆ, ಎ ಒಳ್ಳೆಯದು ಅಂತ ಅದನ್ನೇ ಕೊಡಲು ನೋಡುತ್ತಿದ್ದಾರೆ. ನಾವು ಯಾವಾಗಲೂ ಹುಕ್-ಅಪ್ ಇರುವ ಸೈಟ್‌ಗೇ ಹೋಗುವುದು. ಗಾಡಿಗೆ ಮೋಟಾರ್ ಮೂವರ್ (ಕಾರಿಲ್ಲದೆ ಗಾಡಿ ಸರಿಸುವ ಮೋಟಾರ್) ಇದೆ. ಚಳಿಗಾಲದಲ್ಲಿ ಸ್ಟೋರೇಜ್‌ನಲ್ಲಿ ನಿಲ್ಲಿಸುತ್ತೇವೆ.

ತುಮಕೂರು ತಾತ, ಡರ್ಬಿ:

10.4 ಅಂದರೆ ಒಂದು ಸೆಲ್ ಹೋಗಿದೆ, ಅನುಮಾನವೇ ಬೇಡ.

ಆ ಲೇಬಲ್ ಎನ್‌ಸಿಸಿ, ಅಂದರೆ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್‌ದು. ಅದು ಪರೀಕ್ಷೆಯ ರ‍್ಯಾಂಕ್ ಅಲ್ಲ, ಬಳಕೆಯ ವಿಂಗಡಣೆ. ಹುಕ್-ಅಪ್ ಇಲ್ಲದ ಕಡೆ ಪದೇ ಪದೇ ನಿಲ್ಲುವವರಿಗೆ ಎ. ಹುಕ್-ಅಪ್ ಇದ್ದು ಮೂವರ್‌ನಂಥ ಜಾಸ್ತಿ ಕರೆಂಟ್ ಎಳೆಯುವ ಸಾಮಾನು ಇದ್ದರೆ ಬಿ. ಅಲ್ಪಸ್ವಲ್ಪ ಬಳಕೆಗೆ ಸಿ. ನಿಮಗೆ ಬಿ ಸಾಕು. ಮಿಕ್ಕ ದುಡ್ಡಿಗೆ ಮೀಟರ್ ಇಲ್ಲದಿದ್ದರೆ ಒಂದು ಒಳ್ಳೆಯ ಮೀಟರ್ ತಗೊಳ್ಳಿ.

ಚಳಿಗಾಲದಲ್ಲೇ ಬ್ಯಾಟರಿಗಳು ಸಾಯುವುದು. ಗಾಡಿ ನಿಂತೇ ಇದೆ, ಏನೂ ಬಳಸುತ್ತಿಲ್ಲ ಅಂದುಕೊಳ್ಳುತ್ತೀರಿ. ಗಾಡಿ ಎಲ್ಲಿದೆ ಅಂತ ತಿಳಿಸುವ ಟ್ರ್ಯಾಕರ್, ಕಳ್ಳರ ಅಲಾರಂ, ರೇಡಿಯೋ ಗಡಿಯಾರ ಎಲ್ಲ ಸದ್ದಿಲ್ಲದೆ ಕುಡಿಯುತ್ತಿರುತ್ತವೆ. ಚಾರ್ಜ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದಾಗ 12.7 ಇದ್ದರೆ ತುಂಬಿದೆ. 12.4ಕ್ಕೆ ಬಂದರೆ ಚಾರ್ಜ್ ಮಾಡಿ. 12.2 ಅಂದರೆ ಅರ್ಧ ಖಾಲಿ. ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಏಳುವುದಿಲ್ಲ. ಜೊತೆಗೆ, ತುಂಬಿದ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ ಹತ್ತರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬ ಸೀಳಬಹುದು. ಟ್ರ್ಯಾಕರ್‌ಗೆ ಬ್ಯಾಟರಿ ಬೇಕೇ ಬೇಕು ಅಂತ ಇನ್ಶೂರೆನ್ಸ್‌ನವರ ಷರತ್ತಿಲ್ಲದಿದ್ದರೆ ಬಿಚ್ಚಿ ಮನೆಗೆ ತಂದು ಶೆಡ್‌ನಲ್ಲಿಡಿ. ಮಲಗುವ ಕೋಣೆಯಲ್ಲಿ ಚಾರ್ಜ್‌ಗೆ ಹಾಕಬೇಡಿ. ಈ ಮಾತು ನಗು ತರಿಸಬಹುದು, ಹಾಗೆ ಮಾಡಿದವರನ್ನು ಕಂಡಿದ್ದೇನೆ.

ಈಗ ಬಿಚ್ಚುವ ವಿಧಾನ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿ, ಬಳೆ ಉಂಗುರ ತೆಗೆದಿಡಿ. ಮೊದಲು ಸೋಲಾರ್ ಪ್ಯಾನೆಲ್‌ನ ಫ್ಯೂಸ್ ಕಳಚಿ. ಆಮೇಲೆ ಮೈನಸ್, ಕೊನೆಗೆ ಪ್ಲಸ್. ಹೊಸದನ್ನು ಹಾಕುವಾಗ ಪ್ಲಸ್ ಮೊದಲು, ಮೈನಸ್ ಆಮೇಲೆ, ಸೋಲಾರ್ ಫ್ಯೂಸ್ ಕೊನೆಗೆ. ಪೈಪು ಹಾಕಿ ಅದರ ಇನ್ನೊಂದು ತುದಿ ಗಾಡಿಯ ಹೊರಗೆ ಬಂದಿದೆಯಾ ಅಂತ ಕೆಳಗೆ ಬಗ್ಗಿ ನೋಡಿ, ಎಷ್ಟೋ ಕಡೆ ಮಣ್ಣು ಕಟ್ಟಿರುತ್ತದೆ. ಆ ರಬ್ಬರ್ ಬದಲಾಯಿಸುವವರೆಗೆ ಹೊಸ ಬ್ಯಾಟರಿಯನ್ನೂ ಚಾರ್ಜ್‌ಗೆ ಹಾಕಬೇಡಿ. ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದು ಕಟ್ಟಿ. ಟರ್ಮಿನಲ್‌ಗೆ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ಹಸಿರು ಕಿಲುಬು ಹಿಡಿಯುವುದಿಲ್ಲ.

ಹಳೆಯದನ್ನು ಕೌನ್ಸಿಲ್ ಟಿಪ್‌ನಲ್ಲಿ (ಊರಾಡಳಿತದ ಕಸ ಸಂಗ್ರಹ ಕೇಂದ್ರ) ತೆಗೆದುಕೊಳ್ಳುತ್ತಾರೆ, ಹೊಸದು ಕೊಡುವ ಅಂಗಡಿಯವರನ್ನೂ ಕೇಳಿ ನೋಡಿ. ಕಾರಿನಲ್ಲಿ ನೇರವಾಗಿ ನಿಲ್ಲಿಸಿ, ಕೆಳಗೆ ಪ್ಲಾಸ್ಟಿಕ್ ಟ್ರೇ ಇಟ್ಟು, ಕಿಟಕಿ ಇಳಿಸಿಕೊಂಡು ಹೋಗಿ.