ರಂಗನತಿಟ್ಟಿನಲ್ಲಿ ತೆಗೆದ ಹಕ್ಕಿ ಫೋಟೊ ಎಲ್ಲಾ ಮಸುಕು, ಏನು ಮಾಡಲಿ?

ಪ್ರಶ್ನೆ:
ಕಳೆದ ಭಾನುವಾರ ರಂಗನತಿಟ್ಟಿಗೆ ಹೋಗಿದ್ದೆ. ಹಳೇ ಡಿಎಸ್‌ಎಲ್‌ಆರ್, 55-250 ಲೆನ್ಸ್. ದೋಣಿಯಲ್ಲಿ ಕೂತು 200 ಫೋಟೊ ಹೊಡೆದೆ, ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೋಡಿದರೆ ನೆಟ್ಟಗಿರುವುದು ನಾಲ್ಕೋ ಐದೋ. ಚಮಚದ ಕೊಕ್ಕಿನ ಹಕ್ಕಿಯಂತೂ ಬರೀ ಬಿಳಿ ಮುದ್ದೆ, ಒಂದು ಗರಿಯೂ ಕಾಣುತ್ತಿಲ್ಲ. ಎಲ್ಲಾ ಆಟೊ ಮೋಡ್‌ನಲ್ಲೇ ತೆಗೆದಿದ್ದು. ಹೊಸ ಕ್ಯಾಮೆರಾ ತಗೋಬೇಕಾ?

ಉತ್ತರ 1:
ಬೇಡ ಮಾರಾಯ್ರೇ, ಸುಮ್ನೆ ದುಡ್ಡು ದಂಡ. ದೋಣಿ ಅಲುಗಾಡುತ್ತದೆ, ಹಕ್ಕಿ ಹಾರುತ್ತದೆ, ಎರಡನ್ನೂ ಹಿಡಿಯಬೇಕು ಅಂದರೆ ಷಟರ್ ವೇಗ (ಫೋಟೊಗೆ ಬೆಳಕು ಬೀಳುವ ಹೊತ್ತು) 1/1000 ಸೆಕೆಂಡ್ ಆದರೂ ಬೇಕು, ರೆಕ್ಕೆ ಬಡಿಯುವಾಗ ಇನ್ನೂ ಜಾಸ್ತಿ. ಡಯಲ್ ಅನ್ನು ಷಟರ್ ಪ್ರಯಾರಿಟಿಗೆ (ಈ ವೇಗವನ್ನು ನಾವೇ ಆರಿಸುವ ಮೋಡ್) ತಿರುಗಿಸಿ, ಕ್ಯಾನನ್‌ನಲ್ಲಿ ಅದು ಟಿವಿ (Tv), ನಿಕಾನ್‌ನಲ್ಲಿ ಎಸ್. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊಗೆ ಬಿಡಿ. ಫೋಟೊ ಸ್ವಲ್ಪ ಕಾಳು ಕಾಳಾದರೆ ಆಮೇಲೆ ಸರಿ ಮಾಡಬಹುದು, ಅಲುಗಾಡಿದ್ದನ್ನು ಸರಿ ಮಾಡೋದು ಕಷ್ಟ.

ಉತ್ತರ 2:
ಬಿಳಿ ಮುದ್ದೆಗೆ ಕಾರಣ ಬೇರೆ. ಹಿಂದಿನ ಕಪ್ಪು ಬಂಡೆ, ಮರ ನೋಡಿ ಕ್ಯಾಮೆರಾ ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಪ್ಲಸ್-ಮೈನಸ್ ಗುಂಡಿ ಒತ್ತಿ ಮೈನಸ್ 1ಕ್ಕೆ ಇಳಿಸಿ ನೋಡಿ. ದೋಣಿಗೆ ಟ್ರೈಪಾಡ್ ತರಬೇಡಿ, ಪಕ್ಕದವರ ಬೈಗುಳ ತಿನ್ನಬೇಕಾಗುತ್ತದೆ (ನಾನು ತಿಂದಿದ್ದೇನೆ). ಮೊಣಕೈ ಪಕ್ಕೆಗೆ ಒತ್ತಿ ಹಿಡಿದು, ಅಂಬಿಗ ಹುಟ್ಟು ಹಾಕುವುದು ನಿಲ್ಲಿಸಿದಾಗ ಸಾಲಾಗಿ ಐದಾರು ಕ್ಲಿಕ್ ಮಾಡಿ. ಫೋಕಸ್ ಕಣ್ಣಿನ ಮೇಲಿರಲಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ತಾರಸಿ ಮೇಲೆ ಪಾರಿವಾಳದ ಮೇಲೆ ಪ್ರಯೋಗ ಶುರು. 1/1000ದಲ್ಲಿ ರೆಕ್ಕೆ ಇನ್ನೂ ಸ್ವಲ್ಪ ಮಸುಕು, ಕಣ್ಣು ಮಾತ್ರ ಪಳಪಳ!