ಈಕೋ ಕಾರ್ಗೋ ಕೊಟೇಶನ್: ಜಾಹೀರಾತಿನ ಬೆಲೆಗಿಂತ ಇಷ್ಟು ಜಾಸ್ತಿ ಯಾಕೆ?

ತಿಪಟೂರು ತಿಂಡಿ:
ಎಲ್ಲರಿಗೂ ನಮಸ್ಕಾರ. ನಾವು ಚಿಪ್ಸ್, ಕೋಡುಬಳೆ, ಮಿಕ್ಸ್ಚರ್ ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ಅರಸೀಕೆರೆ, ತುರುವೇಕೆರೆ ಕಡೆ ಓಡಾಟ, ತಿಂಗಳಿಗೆ ಸುಮಾರು 1,500 ಕಿ.ಮೀ. ಮಾರುತಿಯ ಸಣ್ಣ ಸರಕು ವ್ಯಾನ್ ಈಕೋ ಕಾರ್ಗೋ ಕೇಳಿದರೆ ಜಾಹೀರಾತಿನ ಬೆಲೆಗಿಂತ ಎರಡು ಲಕ್ಷದ ಹತ್ತಿರ ಜಾಸ್ತಿ ಬಂತು. ಕೊಟೇಶನ್‌ನಲ್ಲಿ ಸಿಎನ್‌ಜಿ, ಎಸಿ, ಆಕ್ಸೆಸರೀಸ್ ಪ್ಯಾಕ್, ಎಕ್ಸ್‌ಟೆಂಡೆಡ್ ವಾರಂಟಿ, ಹ್ಯಾಂಡ್ಲಿಂಗ್ ಚಾರ್ಜ್ ಎಲ್ಲ ಇದೆ. ಯಾವುದನ್ನು ಬಿಡಬಹುದು?

ಹಳೇ ಓಮ್ನಿ:
ಸರ್, ಜಾಹೀರಾತಿನಲ್ಲಿ ಹಾಕೋದು ಎಸಿ ಇಲ್ಲದ ಪೆಟ್ರೋಲ್ ಗಾಡಿಯ ಎಕ್ಸ್‌ಶೋರೂಮ್ ಬೆಲೆ, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ್ದು. ನಿಮಗೆ ಕೊಟ್ಟಿರೋದು ಸಿಎನ್‌ಜಿ, ಎಸಿ ಇರೋ ಬೇರೆ ಗಾಡಿಯ ಆನ್‌ರೋಡ್ ಬೆಲೆ, ಅಂದರೆ ಅವೆಲ್ಲ ಸೇರಿದ್ದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗಾಬರಿ ಆಗೋದು ಸಹಜ.

ಇದರಲ್ಲಿ ದೊಡ್ಡ ಮೊತ್ತ ಸಿಎನ್‌ಜಿಯದು. ಅದಕ್ಕೆ 90,000 ಜಾಸ್ತಿ ಅಂತ ಇಟ್ಟುಕೊಳ್ಳಿ. ಪೆಟ್ರೋಲ್‌ಗೆ ಕಿಲೋಮೀಟರಿಗೆ 6 ರೂಪಾಯಿ, ಸಿಎನ್‌ಜಿಗೆ 4 ರೂಪಾಯಿ ಬಿದ್ದರೆ, 45,000 ಕಿ.ಮೀ. ಓಡಿದ ಮೇಲೆ ದುಡ್ಡು ವಾಪಸ್. ನಿಮ್ಮ ಓಡಾಟಕ್ಕೆ ಅದು ಎರಡೂವರೆ ವರ್ಷ. ದಿನಕ್ಕೆ 150 ಕಿ.ಮೀ. ಓಡಿಸುವವರಿಗೆ ಕಣ್ಣು ಮುಚ್ಚಿ ಸಿಎನ್‌ಜಿ ಅಂತೀನಿ, ನಿಮಗೆ ಹಾಗೆ ಹೇಳಲ್ಲ.

ಇನ್ನೊಂದು ಮುಖ್ಯ ವಿಷಯ. ಸಿಎನ್‌ಜಿ ಗ್ಯಾಸಿನ ಸಿಲಿಂಡರ್ ಕೂರೋದು ಸರಕು ತುಂಬೋ ಜಾಗದಲ್ಲೇ. ಸಿಮೆಂಟಿನಂಥ ಸರಕಾದರೆ ಜಾಗ ತುಂಬೋ ಮುಂಚೆ ತೂಕದ ಮಿತಿ ಮುಟ್ಟುತ್ತೆ. ಚಿಪ್ಸ್ ಪೆಟ್ಟಿಗೆಗೆ ತೂಕ ಇಲ್ಲ, ಜಾಗ ಜಾಸ್ತಿ ಬೇಕು. ಒಂದು ಖಾಲಿ ಪೆಟ್ಟಿಗೆ ಶೋರೂಮಿಗೆ ಒಯ್ದು, ಹಿಂದಿನ ಬಾಗಿಲು ತೆಗೆಸಿ, ಸಿಲಿಂಡರ್ ಪಕ್ಕ ಎಷ್ಟು ಸಾಲು ಕೂರುತ್ತೆ ಅಂತ ಇಟ್ಟೇ ನೋಡಿ. ಎಂಜಿನ್ ಎರಡರಲ್ಲೂ ಅದೇ 1.2 ಲೀಟರ್. ಆದರೆ ಗ್ಯಾಸಿನಲ್ಲಿ ಟಾರ್ಕ್ (ಎಳೆಯೋ ಬಲ) 104ರಿಂದ 95 ಎನ್‌ಎಮ್‌ಗೆ ಇಳಿಯುತ್ತೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಬೇರೆ ಮಾಡಿಸಬೇಕು.

ಹ್ಯಾಂಡ್ಲಿಂಗ್ ಚಾರ್ಜ್ ಮಾತ್ರ ಖಂಡಿತ ಕೊಡಬೇಡಿ. ಅದು ಸರ್ಕಾರದ ಶುಲ್ಕ ಅಲ್ಲ. ಆಕ್ಸೆಸರೀಸ್ ಪ್ಯಾಕ್ ಬಿಟ್ಟು, ಬೇಕಾದ ಫ್ಲೋರ್ ಮ್ಯಾಟ್ ಹೊರಗೆ ಹಾಕಿಸಿ.

ಲೆಕ್ಕದ ಪುಸ್ತಕ:
ಇನ್ಶೂರೆನ್ಸ್ ಸಾಲು ನೋಡಿದ್ರಾ? 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗೋ ಹಾನಿಗೆ ಕಡ್ಡಾಯ ವಿಮೆ) ದರದಲ್ಲಿ, ಈ ತೂಕದ ಸರಕು ಗಾಡಿ ಬಾಡಿಗೆಗೆ ಓಡಿದರೆ 16,049 ರೂಪಾಯಿ, ಸ್ವಂತ ಸರಕು ಮಾತ್ರ ಸಾಗಿಸಿದರೆ 8,510. ಇದರ ಮೇಲೆ ತೆರಿಗೆ ಬೇರೆ. ನಿಮ್ಮದು ಯಾವುದರಲ್ಲಿ ಹಾಕಿದ್ದಾರೆ ಕೇಳಿ. ಪಾಲಿಸಿಯನ್ನು ಶೋರೂಮಿನಲ್ಲೇ ತಗೋಬೇಕು ಅಂತೇನೂ ಇಲ್ಲ. ಒಟ್ಟು ತೂಕ 3,000 ಕೆಜಿ ಒಳಗಿರೋದರಿಂದ ಸರಕು ಸಾಗಿಸೋ ಪರ್ಮಿಟ್ ಬೇಡ. ಆ ಹೆಸರಲ್ಲಿ ದುಡ್ಡು ಸೇರಿಸಿದ್ದರೆ ತೆಗೆಸಿ.

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ನಿಮಗೆ ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇದ್ದರೆ ಅದನ್ನೂ ಇನ್‌ಪುಟ್ ಕ್ರೆಡಿಟ್ ತಗೋಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟೋ ಕಾಂಪೊಸಿಷನ್ ಸ್ಕೀಮ್ ಆದರೆ ಇಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಲೇಬೇಕು.

ತಿಪಟೂರು ತಿಂಡಿ:
ತುಂಬಾ ಥ್ಯಾಂಕ್ಸ್. ಪೆಟ್ಟಿಗೆ ಇಟ್ಟು ನೋಡಿದೆ, ಸಿಎನ್‌ಜಿ ಗಾಡಿಯಲ್ಲಿ ಒಂದು ಪೂರ್ತಿ ಸಾಲು ಹೋಗುತ್ತೆ. ಪೆಟ್ರೋಲ್ ತಗೋತೀನಿ, ಎಸಿ ಬೇಡ. ಹ್ಯಾಂಡ್ಲಿಂಗ್ ಚಾರ್ಜ್ ತೆಗೆದರು. ಇನ್ಶೂರೆನ್ಸ್ ಬಾಡಿಗೆ ಲೆಕ್ಕದಲ್ಲೇ ಇತ್ತು, ಬದಲಾಯಿಸಿ ಕೊಡಿ ಅಂದಿದ್ದೀನಿ.

ಹಳೇ ಓಮ್ನಿ:
ಒಳ್ಳೇದಾಯ್ತು ಸರ್. ಪೂರ್ತಿ ದುಡ್ಡು ಕಟ್ಟೋ ಮುಂಚೆ ಗಾಡಿ ತಯಾರಾದ ತಿಂಗಳು ನೋಡಿ. ಹಳೇ ವರ್ಷದ ಸ್ಟಾಕ್ ಆಗಿದ್ದರೆ ಇನ್ನೂ ಡಿಸ್ಕೌಂಟ್ ಕೇಳಿ.