ಸಮುದಾಯ ಭವನದ ಹಿಂದಿನ ಕೊಠಡಿ: ಶೆಡ್ ಮಕ್ಕಳ ಪಾಠದ ಬಗ್ಗೆ

ಮನೆ 27: ಬಡಾವಣೆಯ ಹಿಂದಿನ ಶೆಡ್‌ಗಳಲ್ಲಿರುವ ಕಟ್ಟಡ ಕೂಲಿಕಾರರ ಮಕ್ಕಳನ್ನು ನಿನ್ನೆ ಎಣಿಸಿದೆ. 6ರಿಂದ 14ರೊಳಗಿನವರು 19 ಮಂದಿ. ಶಾಲೆಗೆ ಹೋಗುವವರು ಇಬ್ಬರೇ. ನಮ್ಮ ಭವನದ ಹಿಂದಿನ ಕೊಠಡಿಗೆ ಹಗಲೆಲ್ಲ ಬೀಗ. ಅಲ್ಲಿ ದಿನಕ್ಕೆರಡು ಗಂಟೆ ಪಾಠ ಹೇಳಿಕೊಟ್ಟರೆ ಹೇಗೆ?

ಮನೆ 8: ಮದುವೆ, ನಾಮಕರಣಕ್ಕೆ ಭವನ ಕೊಟ್ಟ ದಿನ ಏನು ಮಾಡುವುದು? ವಿರೋಧವಲ್ಲ, ಕೇಳುತ್ತಿದ್ದೇನೆ.

ಮನೆ 41: ನಿವೃತ್ತ ಮೇಷ್ಟ್ರಾದ ನನ್ನ ಅಂಜಿಕೆ ಬೇರೆ. 1986ರ ಶಿಕ್ಷಣ ನೀತಿ ಶಾಲೆಯ ಹೊರಗೆ ಪಾಠ ಹೇಳುವ ಅನೌಪಚಾರಿಕ ಕೇಂದ್ರಗಳಿಗೆ ಒತ್ತು ಕೊಟ್ಟಿತ್ತು. ನಾನು ಕಂಡ ಕೇಂದ್ರದಲ್ಲಿ ಸಂಜೆ ಅಕ್ಷರ ಕಲಿತವರು ಬೆಳಿಗ್ಗೆ ಮತ್ತೆ ದುಡಿಮೆಗೇ ಹೋಗುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಆದ್ದರಿಂದ ಮೊದಲು ಸರ್ಕಾರಿ ಶಾಲೆಗೆ ದಾಖಲಾತಿ, ಪಾಠ ಅದರ ಬೆನ್ನಿಗೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಇಂಥವರಿಗೆಂದೇ ಇದೆ. ಹತ್ತು ವರ್ಷದ ಹುಡುಗಿಗೆ ಅಕ್ಷರ ಬಾರದಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಓರಗೆಯವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. 14 ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ. ನಮ್ಮ ಕೊಠಡಿ ಆ ತರಬೇತಿಗೆ ಒದಗಲಿ.

ಮನೆ 19: ಮೇಷ್ಟ್ರೇ, ನಮ್ಮ ಮನೆಗೆಲಸದವರ ಮಗಳನ್ನು ಜನನ ಪ್ರಮಾಣಪತ್ರವಿಲ್ಲವೆಂದು ಶಾಲೆಯಿಂದ ವಾಪಸ್ ಕಳಿಸಿದರಲ್ಲ?

ಮನೆ 41: ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ತಾಯಿ, 14ನೇ ಸೆಕ್ಷನ್. ಆ ಪುಟ ಮುದ್ರಿಸಿ ತರುತ್ತೇನೆ, ಒಟ್ಟಿಗೆ ಹೋಗೋಣ. ಅಲ್ಲಿಯೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ.

ಮನೆ 27: ಶೆಡ್‌ಗಳಲ್ಲಿ ನಾನು ಕಂಡದ್ದು ಇನ್ನೊಂದಿದೆ. ದೊಡ್ಡ ಹುಡುಗಿಯರ ಸೊಂಟದ ಮೇಲೆ ತಮ್ಮನೋ ತಂಗಿಯೋ ಇದ್ದೇ ಇರುತ್ತದೆ. ಕೂಸನ್ನು ಬಿಟ್ಟು ಬಾ ಎಂದರೆ ಒಬ್ಬಳೂ ಬರುವುದಿಲ್ಲ. ಕೂಸುಗಳೂ ಬರಲಿ, ಮೂಲೆಯಲ್ಲಿ ಚಾಪೆ ಹಾಸೋಣ. ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು.

ಮನೆ 33: ತೆಲುಗು ನನಗೆ ಬರುತ್ತದೆ, ಬುಧವಾರ ಮತ್ತು ಶುಕ್ರವಾರ ನನಗಿರಲಿ. ಆದರೆ ಕಟ್ಟಡ ಮುಗಿದೊಡನೆ ಇವರು ಗಂಟುಮೂಟೆ ಕಟ್ಟುತ್ತಾರೆ. ಆಮೇಲೆ?

ಮನೆ 41: ದಾಖಲಾತಿಗೆ ನಾನು ಹಠ ಹಿಡಿದದ್ದು ಅದಕ್ಕೇ. ವರ್ಗಾವಣೆ ಪತ್ರ ಹಿಡಿದು ಮುಂದಿನ ಊರಿನ ಸರ್ಕಾರಿ ಶಾಲೆ ಸೇರಬಹುದು. ಪತ್ರ ತಡವಾಯಿತೆಂದು ಅಲ್ಲಿ ಸೇರಿಸಿಕೊಳ್ಳದಿರುವಂತಿಲ್ಲ. ನಾವು ಬರೀ ಪಾಠ ಹೇಳಿ ಕಳಿಸಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಮನೆ 8: ಮದುವೆಯ ದಿನಗಳಲ್ಲಿ ನಮ್ಮ ಕಾರು ಹೊರಗೆ ನಿಲ್ಲಿಸುತ್ತೇನೆ, ಆ ಜಾಗದಲ್ಲಿ ಪಾಠ ನಡೆಯಲಿ. ಕೀಲಿ ಯಾರ ಬಳಿ ಇದೆ?

ಮನೆ 27: ಕಾವಲುಗಾರರ ಬಳಿ. ಸೋಮವಾರ ಹತ್ತಕ್ಕೆ ಮುಖ್ಯ ಶಿಕ್ಷಕಿಯನ್ನು ಕಾಣುತ್ತೇವೆ. ಪಟ್ಟಿಯಲ್ಲಿ 16 ಹೆಸರು ಬರೆದಾಯಿತು. ಹದಿನೇಳನೆಯವನನ್ನು ಎಲ್ಲರೂ ಚಿನ್ನ ಎನ್ನುತ್ತಾರೆ, ನಿಜವಾದ ಹೆಸರು ಅವನಿಗೂ ಗೊತ್ತಿಲ್ಲ. ಸಂಜೆ ಅವನ ತಾಯಿ ಕೆಲಸದಿಂದ ಬಂದ ಮೇಲೆ ಕೇಳುತ್ತೇನೆ.